ಆರನೇ ಹಿತ್ತಾಳೆ ಗುಂಡಿ

ಎಮ್ಮೆ ಹುಡುಕಿಕೊಂಡು ಶರಾವತಿ ಹಿನ್ನೀರಿನ ಒಣ ಪಾತ್ರಕ್ಕೆ ಇಳಿದ ಬಂಗಾರಮ್ಮನ ಕಾಲಿಗೆ ಮೊದಲು ಸಿಕ್ಕಿದ್ದು ಒಂದು ಹಿತ್ತಾಳೆ ಗುಂಡಿ. ಕೋಟಿಗೆ ಹಾಕುವಂಥದ್ದು. ಬಗ್ಗಿ ಎತ್ತಿಕೊಂಡಳು. ಪಕ್ಕದಲ್ಲೇ ಇನ್ನೊಂದು. ಮೂರನೆಯದಕ್ಕೆ ಕೈ ಹಾಕಿದಾಗ ಮಣ್ಣಿನ ಜೊತೆ ಪಕ್ಕೆಲುಬು ಬಂತು. ಎಮ್ಮೆ ಹಾಳಾಗಿ ಹೋಗಲಿ ಅಂತ ಊರ ಕಡೆ ಓಡಿದಳು.

ಊರಿನವರು ಪೊಲೀಸರಿಗೆ ಫೋನ್ ಮಾಡುವ ಮೊದಲು ಮುಕುಂದಯ್ಯ ಮಾಸ್ತರರನ್ನು ಕರೆದರು. ತಪ್ಪಾಗಿದ್ದು ಅಲ್ಲಿ. ಮಾಸ್ತರರು ನಿವೃತ್ತರಾದ ಮೇಲೆ ಹಳೇ ನಾಣ್ಯ, ಹಳೇ ಬೀಗ ಕೂಡಿಡುತ್ತಿದ್ದರು. ಸಂಜೆಯೊಳಗೆ ಐದು ಗುಂಡಿ ಆರಿಸಿಕೊಂಡು ಮನೆಗೆ ಹೋದರು.

ಎ.ಎಸ್.ಐ. ಹುಲಿಗೆಮ್ಮ ಜೀಪಿನಲ್ಲಿ ಬಂದಿದ್ದು ಮರುದಿನ ಬೆಳಿಗ್ಗೆ. ಕೊಪ್ಪಳದ ಕಡೆಯವಳು. ಹೊಸನಗರಕ್ಕೆ ಬಂದು ಹನ್ನೊಂದು ವರ್ಷವಾದರೂ ಮಾತು ಮಾತ್ರ ತವರಿನದೇ. ಸಿಟ್ಟು ಸ್ವಂತದ್ದು.

ಮಾಸ್ತರರು ಸ್ಟೀಲ್ ತಟ್ಟೆ ಮುಂದೆ ಹಿಡಿದರು. ಐದು ಗುಂಡಿ ಬಂಗಾರದ ಹಾಗೆ ಹೊಳೆಯುತ್ತಿದ್ದವು.

"ಕಿಲುಬು ಹಿಡಿದು ಏನೂ ಕಾಣ್ತಿರಲಿಲ್ಲ ಮೇಡಂ. ಹುಣಸೆಹಣ್ಣು ಹಾಕಿ ತಿಕ್ಕಿದೆ."

"ಏನು? ತಿಕ್ಕಿದ್ರಿ?"

"ಚೆನ್ನಾಗಿ ಬಂದಿದೆ, ನೋಡಿ."

"ದೇವರ ಮನಿ ದೀಪ ಅನ್ಕೊಂಡ್ರೇನ್ರಿ ಮಾಸ್ತರ? ಸಾಕ್ಷಿ ಅದು! ಮಣ್ಣು ಹೋತು, ಗುರುತು ಹೋತು. ಹೆಣಾನೂ ತೊಳದು ಒಣ ಹಾಕ್ತಿದ್ರೇನು?"

ಮಾಸ್ತರರು ಮುಖ ಸಣ್ಣದು ಮಾಡಿಕೊಂಡರೂ ಪಾಠ ಬಿಡಲಿಲ್ಲ. "ಮುಂದೆ ಕಿರೀಟ ಇದೆ. ಹಿಂದೆ ಇಂಗ್ಲೆಂಡಿನ ಊರಿನ ಹೆಸರಿದೆ. ಸ್ವಾತಂತ್ರ್ಯಕ್ಕಿಂತ ಮೊದಲಿನದು. ಯಾರೋ ಬ್ರಿಟಿಷರ ಸಿಪಾಯಿ. ಪೇಪರಿನವರಿಗೂ ಫೋಟೊ ಕಳಿಸಿದ್ದೀನಿ."

ಮೇಲಿನ ಸಾಹೇಬರಿಗೆ ಅಷ್ಟು ಸಾಕಾಗಿತ್ತು. "ನೂರು ವರ್ಷದ ಹೆಣಕ್ಕೆ ಯಾರನ್ನಮ್ಮಾ ಹಿಡೀತೀಯಾ? ಎಲುಬು ಕಟ್ಟಿಸಿ ಕಳಿಸು, ಕಾಗದ ಮುಗಿಸು. ಮಳೆ ಹಿಡಿದ್ರೆ ಆ ಜಾಗ ಮುಳುಗುತ್ತೆ" ಅಂದರು ಫೋನಿನಲ್ಲಿ.

ಹುಲಿಗೆಮ್ಮ ಫೋನ್ ಇಟ್ಟಳು. ಊರಿನಿಂದ ಜರಡಿ ತರಿಸಿದಳು. ಎಲುಬಿನ ಸುತ್ತಲ ಮಣ್ಣನ್ನು ಬಿಸಿಲಲ್ಲೇ ಕೂತು ಜರಡಿ ಹಿಡಿದಳು. ತಲೆಬುರುಡೆಯ ಹಿಂಬದಿ ಒಡೆದಿತ್ತು. ಒಂದೂವರೆ ಗಂಟೆಯ ಮೇಲೆ ಜರಡಿಯಲ್ಲಿ ಆರನೇ ಗುಂಡಿ ಉಳಿಯಿತು. ಅದೇ ಕಿರೀಟ. ತೊಳೆಯದ್ದು.

ತಿರುಗಿಸಿದಳು. ಹಿಂದಿನ ಕೊಂಡಿಗೆ ದಾರ ಸುತ್ತಿಕೊಂಡಿತ್ತು. ಮಣ್ಣು ಉಜ್ಜಿದರೆ ನೀಲಿ ಬಣ್ಣ.

ಹುಲಿಗೆಮ್ಮನ ಅಪ್ಪ ದರ್ಜಿ. ದಾರದ ನಡುವೆ ಬೆಳೆದವಳು. ಸಾಕ್ಷಿಗೆ ನಿಂತಿದ್ದ ಪಂಚರನ್ನು ಹತ್ತಿರ ಕರೆದಳು. ಉಗುರಿನಷ್ಟು ತುಂಡು ಕತ್ತರಿಸಿ ಕಡ್ಡಿ ಗೀರಿದಳು. ದಾರ ಬೂದಿಯಾಗಲಿಲ್ಲ. ಕರಗಿ ಮುದ್ದೆಯಾಗಿ ಸಾಸಿವೆ ಕಾಳಿನಂತೆ ನಿಂತಿತು.

"ಇದು ಹತ್ತಿ ಅಲ್ಲ. ನೈಲಾನು. ಗೊಬ್ಬರದ ಚೀಲದ ಬಾಯಿಗೆ ಹಾಕ್ತಾರಲ್ಲ, ಅದು. ನಿಮ್ಮ ಸಿಪಾಯಿ ಯೂರಿಯಾ ಚೀಲ ಬಿಚ್ಚಿ ಗುಂಡಿ ಹೊಲಿದನೇನ್ರಿ ಮಾಸ್ತರ?"

ಮಾಸ್ತರರು ಬಗ್ಗಿ ಆ ಮುದ್ದೆಯನ್ನು ನೋಡಿದರು.

"ಗುಂಡಿಗೆ ನೂರು ವರ್ಷ ಇರಬಹುದು. ಹೊಲಿಗೆಗಿಲ್ಲ. ಉಳಿದ ಐದಕ್ಕೆ ಹತ್ತಿ ದಾರ ಇತ್ತು, ಮಣ್ಣಾಗಿ ಹೋತು. ಇದು ಉಳೀತು. ಈ ವಿಷ್ಯ ಇಲ್ಲೇ ಇರಲಿ. ಪೇಪರಿಗೆ ಹೋದ್ರೆ ನಿಮ್ಮನ್ನ ಒಳಗ ಹಾಕ್ತೀನಿ."

* * *

ಪೇಪರಿನಲ್ಲಿ ಐದು ಗುಂಡಿಯ ಫೋಟೊ ಬಂತು. ಅದರ ಮರುದಿನ ಬೆಳಗಿನ ಬಸ್ಸಿಗೇ ಯಮುನಮ್ಮ ಠಾಣೆಗೆ ಬಂದಳು. ಐವತ್ತೈದರ ಹೆಂಗಸು. ಹಣೆಗೆ ಕುಂಕುಮ, ಕೈಯಲ್ಲಿ ಮಡಚಿದ ಪೇಪರು.

"ಐದು ಅಂತ ಬರ್ದಿದಾರೆ. ಆರಿರ್ಬೇಕು" ಅಂದಳು.

ಹುಲಿಗೆಮ್ಮ ಪೆನ್ ಕೆಳಗಿಟ್ಟಳು.

"ಒಂದಕ್ಕೆ ನೀಲಿ ದಾರ ಇರ್ಬೇಕು. ಮೇಲಿಂದ ಮೂರನೇದು. ನಾನೇ ಹಾಕಿದ್ದು."

"ಕೂತ್ಕೊಳ್ರಿ ಅಕ್ಕಾ. ಮೊದಲಿಂದ ಹೇಳ್ರಿ."

ಯಮುನಮ್ಮನ ಗಂಡ ಶಿವರಾಮ. ಸಾಗರದ ಮಂಜುನಾಥಪ್ಪನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಇಪ್ಪತ್ತೇಳು ವರ್ಷದ ಹಿಂದೆ, ಇದೇ ಮೇ ತಿಂಗಳಲ್ಲಿ, ಹಿನ್ನೀರಿನ ಆಚೆ ಒಂದು ಮದುವೆಗೆ ಹೋದ. ವಾಪಸ್ ಬರಲಿಲ್ಲ. 'ಕೋಟು ಒಪ್ಪಿಸಿ ಹೋದ, ಬೆಳಿಗ್ಗೆ ನಾನೇ ಬಸ್ ಹತ್ತಿಸಿದೆ, ಘಟ್ಟದ ಕೆಳಗಿನ ಯಾವಳೋ ಜೊತೆಗಿದ್ದಳು' ಅಂತ ಮಂಜುನಾಥಪ್ಪ ಊರಿಗೆಲ್ಲ ಹೇಳಿದ. ಊರು ನಂಬಿತು.

"ಕೋಟು ಮನೆಗೆ ತರೋ ಹಾಗಿರ್ಲಿಲ್ಲ. ಮದುವೆ ಮುಗಿದ ಕೂಡ್ಲೇ ಬಿಚ್ಚಿ ಟ್ರಂಕಿಗೆ ಹಾಕ್ಬೇಕು. ಅವತ್ತು ಮದುವೆಗೆ ಹೊರಟ ಬ್ಯಾಂಡಿನ ಜೀಪು ನಮ್ಮನೆ ದಾರೀಲೇ ಹೋಗ್ತಿತ್ತು. ಗುಂಡಿ ಕಿತ್ತು ನೇತಾಡ್ತಾ ಇತ್ತು. ಮನೇಲಿ ಬೇರೆ ದಾರ ಇರ್ಲಿಲ್ಲ. ಚೀಲದ ದಾರ ಬಿಚ್ಚಿ ಎರಡೇ ನಿಮಿಷಕ್ಕೆ ಹಾಕಿಕೊಟ್ಟೆ. 'ಇದು ನಾನು ಸತ್ರೂ ಬಿಡಲ್ಲ ಕಣೇ' ಅಂತ ನಗಾಡಿದ್ರು."

ಯಮುನಮ್ಮ ಅಳಲಿಲ್ಲ. ಪೇಪರನ್ನು ಇನ್ನೊಂದು ಮಡಿಕೆ ಮಡಚಿದಳು.

"ಈ ಕುಂಕುಮ ಇಟ್ಕೊಳ್ಳೋದೋ ಬಿಡೋದೋ ಅಂತ ಇಪ್ಪತ್ತೇಳು ವರ್ಷದಿಂದ ಗೊತ್ತಿಲ್ಲ ನಂಗೆ. ಮಗಳ ಮದುವೇಲಿ ಬೀಗರು ಕೇಳಿದ್ರು, ಓಡಿಹೋದವನ ಮಗಳಾ ಅಂತ. ಅವರು ಓಡಿಹೋಗಿಲ್ಲ ಅಂತ ನೀವು ಹೇಳ್ಬೇಕು. ನಾನು ಹೇಳಿದ್ರೆ ಯಾರೂ ಕೇಳಲ್ಲ."

ಹುಲಿಗೆಮ್ಮ ಶಿವರಾಮ ಕಾಣೆಯಾದಾಗಿನ ಹಳೇ ಕಡತ ತೆಗೆಸಿದಳು. ಕೊನೆಯ ಸಾಲು ಹೀಗಿತ್ತು: 'ಬ್ಯಾಂಡಿನ ಹನ್ನೆರಡು ಕೋಟುಗಳೂ ಟ್ರಂಕಿನಲ್ಲಿವೆ. ಶಿವರಾಮ ಸ್ವಂತ ಇಚ್ಛೆಯಿಂದ ಊರು ಬಿಟ್ಟಿರುತ್ತಾನೆ.'

* * *

ಮಂಜುನಾಥಪ್ಪ ಈಗ ಶಾಮಿಯಾನ, ಪಾತ್ರೆ, ಲೈಟಿಂಗ್ ಎಲ್ಲ ಬಾಡಿಗೆಗೆ ಕೊಡುವ ದೊಡ್ಡ ಮನುಷ್ಯ. ಬ್ಯಾಂಡ್ ನಿಲ್ಲಿಸಿ ಹತ್ತು ವರ್ಷವಾಗಿತ್ತು.

"ಕಿರೀಟದ ಗುಂಡಿಯಾ? ನಮ್ಮವೇ ಹಾಗಿದ್ವು ಮೇಡಂ. ನಮ್ಮಪ್ಪ ಶಿವಮೊಗ್ಗದ ಗುಜರಿಯಿಂದ ತಂದಿದ್ದು. ಎಪ್ಪತ್ತೆರಡು. ಹನ್ನೆರಡು ಕೋಟಿಗೆ ಆರಾರು. ಆಮೇಲೆ ಅಂಥದ್ದು ಎಲ್ಲೂ ಸಿಗ್ಲಿಲ್ಲ. ಕೋಟು ಹರಿದ್ರೆ ಗುಂಡಿ ಕಿತ್ತು ಹೊಸಾ ಕೋಟಿಗೆ ಹಾಕ್ತಿದ್ವಿ. ಬನ್ನಿ, ಎಣಿಸ್ಕೊಳ್ಳಿ."

ಟ್ರಂಕ್ ತೆಗೆಸಿದ. ಹನ್ನೆರಡು ಕೆಂಪು ಕೋಟು. ಹುಲಿಗೆಮ್ಮ ಹಾಸಿ ಎಣಿಸಿದಳು. ಎಪ್ಪತ್ತೆರಡು ಗುಂಡಿ. ಒಂದೂ ಕಡಿಮೆಯಿಲ್ಲ.

"ಅಂಥ ಗುಂಡಿ ಬೇರೆಯವರ ಹತ್ರನೂ ಇದ್ದಿರ್ಬಹುದು" ಅಂದ ಮಂಜುನಾಥಪ್ಪ. "ಕಾಫಿ ತರಿಸ್ಲಾ?"

"ಬ್ಯಾಡ."

ಹುಲಿಗೆಮ್ಮನಿಗೆ ಮೈ ಉರಿಯಿತು. ಲೆಕ್ಕ ಸರಿಯಿದೆ. ಹಾಗಾದರೆ ನೆಲದಲ್ಲಿ ಸಿಕ್ಕ ಆರು ಎಲ್ಲಿಯವು? ಕೋಟುಗಳನ್ನು ಮತ್ತೆ ನೋಡಿದಳು. ಟ್ರಂಕಿನ ತೇವಕ್ಕೆ ಗುಂಡಿಗಳ ಸುತ್ತ ಬಟ್ಟೆಯ ಮೇಲೆ ಕಲೆ ಬಿದ್ದಿತ್ತು. ಹಸಿರು ಕಲೆ. ಹಿತ್ತಾಳೆಯ ಕಿಲುಬು.

ಆದರೆ ಕೈಯಲ್ಲಿದ್ದ ಕೋಟಿನ ಕಟ್ಟಕಡೆಯ ಗುಂಡಿಯ ಸುತ್ತ ಕಲೆ ಕಂದು ಬಣ್ಣಕ್ಕಿತ್ತು. ತುಕ್ಕು.

ಹಿತ್ತಾಳೆಗೆಲ್ಲಿಯ ತುಕ್ಕು?

ಎದುರಿನ ಅಂಗಡಿಯ ರೇಡಿಯೋ ರಿಪೇರಿಯವನಿಂದ ಹಳೇ ಸ್ಪೀಕರಿನ ಅಯಸ್ಕಾಂತ ತರಿಸಿದಳು. ಒಂದೊಂದೇ ಗುಂಡಿಯ ಮೇಲೆ ಆಡಿಸಿದಳು. ಹಿತ್ತಾಳೆ ಅಲ್ಲಾಡಲಿಲ್ಲ. ಆರು ಗುಂಡಿ ಮಾತ್ರ ಟಕ್ ಎಂದು ಹಿಡಿದವು. ಆರು ಬೇರೆ ಬೇರೆ ಕೋಟು. ಆರರಲ್ಲೂ ಕಟ್ಟಕಡೆಯ ಗುಂಡಿಯೇ. ಹತ್ತಿರ ಹಿಡಿದು ನೋಡಿದರೆ ಹಿತ್ತಾಳೆ ಬಣ್ಣ ಕೊಟ್ಟ ಕಬ್ಬಿಣ; ಕಿರೀಟವೂ ಇಲ್ಲ, ಕಿರೀಟದ ಹಾಗೆ ಕಾಣುವ ಹೂವು.

"ಹಳೇ ಕೋಟು ಮೇಡಂ. ಬಿದ್ದು ಹೋಗಿರ್ತಾವೆ, ಬೇರೆ ಹಾಕಿರ್ತೀವಿ" ಅಂದ ಮಂಜುನಾಥಪ್ಪ. ಈ ಸಲ ಕಾಫಿಯ ಮಾತೆತ್ತಲಿಲ್ಲ.

ಹುಲಿಗೆಮ್ಮ ಕೋಟುಗಳ ಕೊರಳಪಟ್ಟಿ ಮಗುಚುತ್ತಿದ್ದಳು. ಹನ್ನೊಂದಕ್ಕೆ ಸಾಗರದ ದರ್ಜಿಯ ಚೀಟಿ. ಒಂದಕ್ಕೆ ತೀರ್ಥಹಳ್ಳಿಯದು.

* * *

ತೀರ್ಥಹಳ್ಳಿಯ ದರ್ಜಿ ಯೋಗರಾಜ್‌ಗೆ ಈಗ ಕಣ್ಣು ಮಂಜು. ಹೊಲಿಗೆ ಮಗ ನೋಡಿಕೊಳ್ಳುತ್ತಾನೆ. ಕೋಟನ್ನು ಕೈಯಲ್ಲಿ ಸವರಿ ಹೇಳಿದ.

"ಇದು ನನ್ನ ಕೈನೇ. ನೆನಪಿಲ್ದೆ ಏನು? ಸಾಗರದಲ್ಲಿ ಅಷ್ಟು ಜನ ಟೈಲರ್ ಇರುವಾಗ ಬ್ಯಾಂಡಿನ ಮಂಜುನಾಥಪ್ಪ ಇಲ್ಲೀವರೆಗೆ ಬಂದಿದ್ರು. ಎರಡು ದಿನದಲ್ಲಿ ಬೇಕು ಅಂದ್ರು. ಜೊತೆಗೆ ಆರು ಹಳೇ ಕೋಟು ತಂದಿದ್ರು. ಒಂದೊಂದರ ಕೆಳಗಿನ ಗುಂಡಿ ಬಿಚ್ಚಿ ಈ ಹೊಸದಕ್ಕೆ ಹಾಕು, ಅಲ್ಲಿಗೆ ಪೇಟೆ ಗುಂಡಿ ಹಾಕು ಅಂದ್ರು. ಹೊಸ ಆರನ್ನೂ ಹೊಸ ಕೋಟಿಗೇ ಹಾಕಿದ್ರೆ ಮುಗೀತಲ್ಲ ಅಂದೆ. ಸಿಟ್ಟು ಮಾಡಿದ್ರು."

"ಯಾವಾಗ?"

"ನನ್ನ ಮಗ ಹುಟ್ಟಿದ ವಾರ. ಅವನಿಗೀಗ ಇಪ್ಪತ್ತೇಳು."

* * *

"ಕೂತ್ಕೋ ಮಂಜುನಾಥಪ್ಪ" ಅಂದಳು ಹುಲಿಗೆಮ್ಮ. ಮರ್ಯಾದೆಯ ಮಾತು ನಿನ್ನೆಗೇ ಮುಗಿದಿತ್ತು. ಮೇಜಿನ ಮೇಲೆ ಕೆಂಪು ಕೋಟು, ಅದರ ಪಕ್ಕ ಆರು ಗುಂಡಿ.

"ನಿಮ್ಮಪ್ಪ ತಂದ ಹಿತ್ತಾಳೆ ಗುಂಡಿ ಎಪ್ಪತ್ತೆರಡು. ಟ್ರಂಕಿನಾಗ ಹಿತ್ತಾಳೇದು ಅರವತ್ತಾರು. ಹೆಣದ ಮೇಲೆ ಆರು. ಲೆಕ್ಕ ಕೂಡ್ತದ, ಹೌದಿಲ್ಲ?"

ಹುಲಿಗೆಮ್ಮ ಕೋಟನ್ನು ಅವನ ಮುಂದೆ ಸರಿಸಿದಳು.

"ಶಿವರಾಮ ಕೋಟು ಒಪ್ಪಿಸಿದ ಅಂದಿ. ಒಪ್ಪಿಸಿದ ಕೋಟು ಹಿನ್ನೀರಿನ ತಳದಾಗ ಅವನ ಮೈಮ್ಯಾಲೆ ಹ್ಯಾಂಗ ಬಂತು? ಪೊಲೀಸ್ರು ಕೋಟು ಎಣಸ್ತಾರ ಅಂತ ಹೊಸದು ಹೊಲಿಸಿದಿ. ಆರೂ ಪೇಟೆ ಗುಂಡಿ ಅದಕ್ಕೇ ಹಾಕಿದ್ರೆ ಹನ್ನೆರಡರಾಗ ಅದೊಂದೇ ಎದ್ದು ಕಾಣ್ತಿತ್ತು. ಅದಕ್ಕ ಆರು ಕೋಟಿಗೆ ಹಂಚಿದಿ. ಕೆಳಗಿನ ಗುಂಡಿ ಯಾರು ನೋಡ್ತಾರ? ಶಾಣ್ಯಾ ಇದ್ದಿ. ಆದ್ರ ಮಲೆನಾಡಿನ ತೇವ ನಿನಗಿಂತ ಶಾಣ್ಯಾ. ಹಿತ್ತಾಳೆಗೆ ಕಿಲುಬು ಬರಿಸ್ತು, ಕಬ್ಬಿಣಕ್ಕೆ ತುಕ್ಕು ಬರಿಸ್ತು. ಈಗ ಹೇಳು. ಯಾಕೆ?"

ಮಂಜುನಾಥಪ್ಪ ಕೋಟನ್ನು ತನ್ನಿಂದ ಆಚೆ ತಳ್ಳಿದ.

"ಶಿವರಾಮ ಬ್ಯಾಂಡ್ ಬಿಡ್ತೀನಿ ಅಂದ" ಅಂದ. "ಹೊಸನಗರದಲ್ಲಿ ಸ್ವಂತ ಸೆಟ್ ಮಾಡ್ತಾನಂತೆ. ಜನ ನನ್ನ ಬ್ಯಾಂಡ್ ಅಂತ ಕರೀತಿರ್ಲಿಲ್ಲ ಮೇಡಂ, ಶಿವರಾಮನ ಕ್ಲಾರಿನೆಟ್ ಅಂತ ಕರೀತಿದ್ರು. ಉಳಿದೋರೆಲ್ಲ ಕೋಟು ಟ್ರಂಕಿಗೆ ಹಾಕಿ ಮೊದಲ ದೋಣೀಲಿ ಹೋಗಿದ್ರು. ಅವನನ್ನ ಮದುವೆ ಮನೆಯೋರು ಮಾತಾಡಿಸ್ತಾ ನಿಂತಿದ್ರು, ಕೋಟು ಬಿಚ್ಚಿರ್ಲಿಲ್ಲ. ನಾವಿಬ್ರೇ ಉಳಿದ್ವಿ. ಮುಂದಿನ ವರ್ಷದ ಮದುವೆ ಅವನಿಗೇ ಹೇಳಿದ್ರಂತೆ. ದೋಣಿಯ ಹುಟ್ಟು ಕೈಲಿತ್ತು. ಒಂದೇ ಏಟು."

"ಕೋಟು ಯಾಕೆ ಬಿಚ್ಚಲಿಲ್ಲ?"

"ಮೀನಿನವರ ತೆಪ್ಪ ಬರ್ತಿತ್ತು. ಹಂಗೇ ಮಣ್ಣೆಳೆದೆ. ತಿಂಗಳೊಳಗೆ ನೀರು ಏರುತ್ತೆ ಅಂತ ಗೊತ್ತಿತ್ತು."

"ಮತ್ತ ಆ ಘಟ್ಟದ ಕೆಳಗಿನ ಹೆಂಗಸು?"

"ಯಾರೂ ಇರ್ಲಿಲ್ಲ."

* * *

ಮಗಳ ರಕ್ತದ ಪರೀಕ್ಷೆ ಎಲುಬಿಗೆ ತಾಳೆಯಾಯಿತೆಂದು ವರದಿ ಬರುವ ಹೊತ್ತಿಗೆ ಮಳೆ ಹಿಡಿದಿತ್ತು, ಆ ಜಾಗ ನೀರಿನಡಿ ಹೋಗಿತ್ತು. ಯಮುನಮ್ಮ ಠಾಣೆಗೆ ಬಂದಳು. ಹಣೆ ಖಾಲಿಯಿತ್ತು.

"ಗುಂಡಿ ಕೋರ್ಟ್ ಮುಗಿಯೋತನಕ ಕೊಡಾಕ ಬರಂಗಿಲ್ಲ ಅಕ್ಕಾ."

"ಗುಂಡಿ ಬೇಡ. ಆ ಪುಸ್ತಕದಲ್ಲಿ ಏನೋ ಬರ್ದಿದಾರಲ್ಲ, ಸ್ವಂತ ಇಚ್ಛೆ ಅಂತ. ಅದನ್ನ ಹೊಡೆದು ಹಾಕಿ."

ಹಳೇ ಕಡತದಲ್ಲಿ ಅಕ್ಷರ ಹೊಡೆಯುವಂತಿಲ್ಲ. ಹುಲಿಗೆಮ್ಮ ಆ ಸಾಲಿನ ಕೆಳಗೆ ಹೊಸ ಸಾಲು ಬರೆದಳು. ತಾರೀಖು ಹಾಕಿದಳು. ಸಹಿ ಮಾಡಿದಳು.

"ಓದಿ" ಅಂದಳು ಯಮುನಮ್ಮ.

ಹುಲಿಗೆಮ್ಮ ಓದಿದಳು. "ಶಿವರಾಮ ಊರು ಬಿಟ್ಟು ಹೋಗಿರುವುದಿಲ್ಲ. ಮದುವೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದಾಗ ಕೊಲೆಯಾಗಿರುತ್ತಾನೆ."

ಹೊರಗೆ ಬೆಂಚಿನ ಮೇಲೆ ಅವಳದೇ ಊರಿನ ನಾಲ್ಕೈದು ಜನ ಯಾವುದೋ ಬೇಲಿ ಜಗಳಕ್ಕೆ ಬಂದು ಕೂತಿದ್ದರು. ಯಮುನಮ್ಮ ಎದ್ದು ಹೋಗಿ ಬಾಗಿಲನ್ನು ಪೂರಾ ತೆರೆದಳು.

"ಇನ್ನೊಂದ್ಸಲ ಓದಿ ಮೇಡಂ. ಜೋರಾಗಿ."

ಹುಲಿಗೆಮ್ಮ ಎದ್ದು ನಿಂತು ಓದಿದಳು.