ಟವಲಿನ ಕೆಳಗೆ ಹನ್ನೆರಡು

“ಆಯ್ತು” ಅಂದ ಆಂಜಿ. ಅಷ್ಟೇ. ತಟ್ಟೆಯಿಂದ ತಲೆ ಕೂಡ ಎತ್ತಲಿಲ್ಲ.

ನಾನು ಹೇಳಿದ್ದೇನು ಸಣ್ಣ ಮಾತಲ್ಲ. ನಮ್ಮ ಸ್ವಂತ ಮನೆಯನ್ನು ಬಾಡಿಗೆಗೆ ಕೊಡೋಣ, ಹೋಮ್ ಲೋನ್ ಹಗುರಾಗುವ ತನಕ ನಾನು ಆಸ್ಪರಿಯಲ್ಲಿ ಅಮ್ಮನ ಹತ್ತಿರ ಇದ್ದು ರೈಲಿನ ಪಾಸ್ ಮಾಡಿಸಿಕೊಂಡು ಆದೋನಿಗೆ ಕೆಲಸಕ್ಕೆ ಬಂದು ಹೋಗುತ್ತೇನೆ, ನೀವು ಕುರಿ ಸಂತೆಯ ಪಕ್ಕದ ದಲ್ಲಾಳಿಗಳ ರೂಮಿನಲ್ಲಿ ಮಲಗಿಕೊಳ್ಳಿ ಅಂದಿದ್ದೆ. ಗಂಡನಾದವನು ಇದಕ್ಕೆ ಏನಾದರೂ ಅನ್ನಬೇಕು. ಬೈಯಬೇಕು, ಇಲ್ಲ ನಗಬೇಕು. ಇವನು ರೊಟ್ಟಿ ಮುರಿದು, ಪುಂಡಿ ಪಲ್ಯೆಗೆ ಹಚ್ಚಿ, ಆಯ್ತು ಅಂದ.

ನನಗೆ ಸಿಟ್ಟು ಬರಲಿಲ್ಲ. ಆ ಹೊತ್ತಿಗೆ ನನಗೆ ಏನೂ ಬರುತ್ತಿರಲಿಲ್ಲ. ಹಲ್ಲು ಕೀಳಿಸಲು ಹೋದಾಗ ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿದ್ದೆ. ತಟ್ಟೆ ತೊಳೆದಿಟ್ಟು ಹಾಲಿನ ಲೈಟ್ ಆರಿಸಿದೆ. ಇಬ್ಬರೂ ಒಂದೇ ಕಡೆ ಕೂತಾಗ ಎರಡು ಲೈಟ್ ಯಾಕೆ?

ನಾನು ಶಿವಲಕ್ಷ್ಮಿ. ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತೇನೆ. ಆಂಜಿ ಕುರಿ ಸಂತೆಯ ದಲ್ಲಾಳಿ. ಮದುವೆಗೆ ಮುಂಚೆ ಅವನು ನಮ್ಮ ಅಂಗಡಿಗೆ ಬನಿಯನ್ ಕೊಳ್ಳಲು ಬಂದ. ಮರುದಿನ ಸೈಜು ಸಣ್ಣದಾಯಿತು ಅಂತ ಬಂದ. ಅದರ ಮರುದಿನ ದೊಡ್ಡದಾಯಿತು ಅಂತ ಬಂದ. “ನಿಮ್ಮ ಮೈ ದಿನಕ್ಕೊಂದು ಸೈಜು ಆಗ್ತೈತೇನ್ರಿ?” ಅಂತ ಕೇಳಿದ್ದಕ್ಕೆ, ಬಿಲ್ಲನ್ನು ನೋಡುತ್ತಾ, “ಕೌಂಟರಿನಾಗ ನಿಮ್ಮನ್ನ ನೋಡಿದ ಮ್ಯಾಲ ಎದಿ ಒಂದೀಟು ಉಬ್ಬತೈತ್ರಿ” ಅಂದ. ನನ್ನ ಹಿಂದೆ ಕೂತ ಹುಡುಗಿಯರು ಕಿಸಕ್ಕೆಂದರು. ನಾನು ಚಿಲ್ಲರೆ ಎಣಿಸುವವಳ ಹಾಗೆ ತಲೆ ತಗ್ಗಿಸಿದೆ. ಕೈಯಲ್ಲಿ ಚಿಲ್ಲರೆ ಇರಲಿಲ್ಲ.

ಅಂಥ ಮಾತುಗಾರ ಈಗ “ಆಯ್ತು” ಅನ್ನುವ ಮನುಷ್ಯನಾಗಿದ್ದ.

ಮನೆ ಕೊಂಡಿದ್ದು ಇಬ್ಬರ ಆಸೆ. ದಲ್ಲಾಳಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಹಾಗಾಗಿ ಲೋನ್ ನನ್ನ ಹೆಸರಿಗೆ ಆಯಿತು. ಎರಡು ರೂಮು, ಒಂದು ಹಾಲು, ಹಿಂದೆ ಬಟ್ಟೆ ಒಗೆಯಲು ಕಲ್ಲು. ಗೃಹಪ್ರವೇಶದ ದಿನ ಅವನು ಗೋಡೆಗೆ ಕೈ ಹಚ್ಚಿ ಹಚ್ಚಿ ನೋಡಿದ್ದು ನನಗಿನ್ನೂ ನೆನಪಿದೆ. ಆಮೇಲೆ ಬಡ್ಡಿ ಏರಿತು, ಇ.ಎಂ.ಐ. ಒಂಬತ್ತು ಸಾವಿರಕ್ಕೆ ಬಂದು ನಿಂತಿತು. ನಾವು ಒಂದೊಂದೇ ಬಿಟ್ಟೆವು. ಭಾನುವಾರ ಹೋಟೆಲಿನಲ್ಲಿ ಉಗ್ಗಾಣಿ ಮಿರ್ಚಿ ತಿನ್ನುವುದು ಬಿಟ್ಟೆವು. ಸಿನಿಮಾ ಬಿಟ್ಟೆವು. ಅವನ ಫೋನಿಗೆ ಒಳಬರುವ ಕರೆಗಷ್ಟೇ ರೀಚಾರ್ಜ್. ಮಗು ಬೇಕು ಅನ್ನುವ ಮಾತನ್ನೂ ಮುಂದಿನ ವರ್ಷಕ್ಕೆ ದೂಡಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಾವು ಕಾಲು ಮಡಚಿಕೊಂಡು ಕೂತೇ ನಿದ್ದೆ ಮಾಡುವುದನ್ನು ಕಲಿತೆವು.

ಉಳಿಸುತ್ತಾ ಉಳಿಸುತ್ತಾ ಮಾತೂ ಉಳಿತಾಯವಾಯಿತು. “ಗ್ಯಾಸ್ ಬುಕ್ ಮಾಡಿದ್ರಿ?” “ಮಾಡೀನಿ.” “ಕರೆಂಟ್ ಬಿಲ್?” “ಬಂದೈತಿ.” ನಮ್ಮ ಸಂಸಾರದ ಶೃಂಗಾರ ಇಷ್ಟು.

ಅದಕ್ಕೇ ಆ ಮಾತು ಹೇಳಿದ್ದೆ. ಮನೆ ಬಾಡಿಗೆಗೆ ಕೊಟ್ಟು, ನನ್ನ ಸಂಬಳವನ್ನೂ ಲೋನಿಗೇ ಹಾಕಿದರೆ ಬೇಗ ತೀರುತ್ತದೆ ಅನ್ನುವುದು ನಿಜ. ಆದರೆ ಇನ್ನೊಂದು ನಿಜವೂ ಇತ್ತು. ಇವನು ಬೇಡ ಅನ್ನುತ್ತಾನೋ ಇಲ್ಲವೋ ನೋಡಬೇಕಿತ್ತು ನನಗೆ. ನೋಡಿದೆ. ಅವನು ಬೇಡ ಅನ್ನಲಿಲ್ಲ. ಹಾಗಾದರೆ ಇನ್ನು ಈ ಮನೆಯಲ್ಲಿ ಒಟ್ಟಿಗೆ ಇರಲು ಇದ್ದ ಕಾರಣವೂ ಹೋಯಿತು ಅಂದುಕೊಂಡು ಸೀರೆಗಳನ್ನು ಮಡಚತೊಡಗಿದೆ.

ಮನೆ ಕೇಳಿಕೊಂಡು ಬಂದವನು ಗೋನೆಗಂಡ್ಲದ ಮಾರೆಪ್ಪ. ಹಳೆಯ ಕುರಿ ವ್ಯಾಪಾರಿ. ಬೀಜದ ಕಂಪನಿಯಲ್ಲಿರುವ ಅವನ ಅಳಿಯನಿಗೆ ಆದೋನಿಗೆ ವರ್ಗವಾಗಿತ್ತು, ಮಕ್ಕಳ ಸ್ಕೂಲು ನಮ್ಮ ಓಣಿಯ ಹಿಂದೆಯೇ ಇತ್ತು. ಮಾರೆಪ್ಪ ಮನೆಯನ್ನು ಕೊಳ್ಳುವ ಕುರಿಯನ್ನು ನೋಡಿದ ಹಾಗೆ ನೋಡಿದ. ನಲ್ಲಿ ತಿರುಗಿಸಿದ, ಬಾಗಿಲು ಬಡಿದ, ಗೋಡೆಯ ಮೂಲೆಗೆ ಉಗುರು ಹಾಕಿದ. ಅಷ್ಟಾದ ಮೇಲೆ ಹಾಲಿನಲ್ಲಿ ಆಂಜಿಯ ಎದುರು ಕೂತ.

“ರೇಟ್ ಮಾತಾಡೋಣೇನಪ್ಪ, ಆಂಜಿ?”

“ಮಾತಾಡೋಣ್ರಿ.”

ಮಾರೆಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿದ.

ಸಂತೆಯ ಪದ್ಧತಿ ಅದು. ಸುತ್ತ ನಿಂತವರಿಗೆ ರೇಟು ಗೊತ್ತಾಗಬಾರದು ಅಂತ ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ನೂರೋ ಸಾವಿರವೋ ಅನ್ನುವುದು ಇಬ್ಬರಿಗೂ ಗೊತ್ತಿರುತ್ತದೆ. ಕೊನೆಗೆ ಕೈ ಕೂಡಿಸಿ ಅಲುಗಿಸಿದರೆ ಮುಗಿಯಿತು, ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ಸರಿದ ದಲ್ಲಾಳಿಯ ಕೈಯನ್ನು ಸಂತೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ಅಲ್ಲಿ ನಮ್ಮ ಮನೆಯಲ್ಲಿ ನಾನೊಬ್ಬಳೇ ಚಹಾ ಹಿಡಿದು ನಿಂತಿದ್ದೆ, ಕದ್ದು ಕೇಳುವವರು ಬೇರೆ ಯಾರೂ ಇರಲಿಲ್ಲ. ಆದರೂ ಇಬ್ಬರೂ ಟವಲ್ ಹೊದಿಸಿಕೊಂಡೇ ಕೂತರು. ಮೀನಿಗೆ ಈಜು ಬಿಡು ಅಂದರೆ ಬಿಡುತ್ತದೆಯೇ?

ಟವಲು ಅಲುಗಾಡಿತು. ನಿಂತಿತು. ಮತ್ತೆ ಅಲುಗಾಡಿತು. ಮಾರೆಪ್ಪ ಹುಬ್ಬೇರಿಸಿ, “ಏನಪ್ಪಾ, ಅರಮನಿ ಕಟ್ಟಿಯೇನು?” ಅಂದ. ಆಂಜಿ ಗೋಡೆ ನೋಡುತ್ತಿದ್ದ. ಅವನ ಹಣೆಯ ಮೇಲೆ ಬೆವರು. ಏಳು ಸಾವಿರ ಬಂದರೆ ಪುಣ್ಯ ಅಂತ ನಾವು ಮಾತಾಡಿಕೊಂಡಿದ್ದೆವು. ಇಷ್ಟು ಜಗ್ಗುತ್ತಿದ್ದಾನೆ ಅಂದರೆ ನನ್ನನ್ನು ಆಸ್ಪರಿಗೆ ಕಳಿಸಲು ಎಷ್ಟು ಉಮೇದು ಇವನಿಗೆ ಅನ್ನಿಸಿತು.

“ನಿನ್ನ ಕೈ ಯಾಕಿಷ್ಟು ತಣ್ಣಗೈತಿ?” ಅಂದ ಮಾರೆಪ್ಪ. ಸ್ವಲ್ಪ ಹೊತ್ತು ಆಂಜಿಯ ಮುಖವನ್ನೇ ನೋಡಿದ. ಆಮೇಲೆ ಟವಲಿನ ಕೆಳಗೆ ಎರಡೂ ಕೈ ಕೂಡಿಸಿ ಜೋರಾಗಿ ಅಲುಗಿಸಿದ. “ಸರೇ. ಬಾಡಿಗಿ ಹ್ಯಾಂಗೂ ಕಂಪನಿ ಕೊಡ್ತೈತಿ, ನನ್ನ ಗಂಟೇನು ಹೋಗಬೇಕು? ಸೋಮವಾರ ಸಾಮಾನು ಬರ್ತಾವ. ಅಮ್ಮಾ, ಚಹಾ ತಾ.”

ಆಂಜಿ ಟವಲಿನಿಂದ ಕೈ ತೆಗೆಯಲು ಮರೆತು ಹಾಗೇ ಕೂತಿದ್ದ.

ಮಾರೆಪ್ಪ ಮುಂಗಡ ಎಣಿಸಿಟ್ಟು ಹೋದ. ಆಂಜಿ ಹಿಂದಿನ ಬಾಗಿಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತ. ನಾನು ಹಿಂದೆಯೇ ಹೋಗಿ ಕಂಬಕ್ಕೆ ಒರಗಿ ನಿಂತೆ.

“ಎಷ್ಟಕ್ಕ ಮುಗಿತು?”

“ಹನ್ನೆರಡು.”

“ಹನ್ನೆರಡು ಸಾವಿರಾ?” ನನ್ನ ದನಿಯಲ್ಲಿ ಖುಷಿ ಇರಬೇಕಿತ್ತು, ಇರಲಿಲ್ಲ. “ಈ ಓಣಿಯಾಗ ಯಾರು ಕೊಡ್ತಾರ ಅಷ್ಟು? ಭಾಳ ಚಲೋ ಯಾಪಾರ ಮಾಡಿದ್ರಿ ಬಿಡ್ರಿ.”

“ಯಾಪಾರ ಆಗಲಿ ಅಂತ ಕೇಳಿಲ್ಲ ನಾ.”

“ಮತ್ತ?”

“ಎದ್ದು ಹೋಗಲಿ ಅಂತ ಕೇಳಿದೆ.”

ನಾನು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ.

“ಅಂವ ಏಳು ಹಿಡಿದ, ನಾ ಹತ್ತು ಹಿಡಿದೆ. ಅಂವ ಎಂಟು ಅಂದ, ನಾ ಹನ್ನೊಂದು ಅಂದೆ. ಇಂವಾ ಎದ್ದು ಹೋಗವಲ್ಲ ಅಂತ ಹನ್ನೆರಡಕ್ಕ ಏರಿಸಿದೆ. ಯಾ ಹುಚ್ಚ ಒಪ್ಕೊಂತಾನ ಅಂದ್ಕೊಂಡಿದ್ದೆ. ಕೈ ಅಲುಗಿಸಿಬಿಟ್ಟ.” ಆಂಜಿ ತನ್ನ ಅಂಗೈಯನ್ನು ಯಾರದೋ ಕೈಯನ್ನು ನೋಡಿದ ಹಾಗೆ ನೋಡಿಕೊಂಡ. “ನನ್ನ ಕೈಯಾರ ನಾನ ನಿನ್ನ ಊರಿಗೆ ಕಳಿಸಿದಂಗ ಆಯ್ತು.”

“ಬ್ಯಾಡ ಅಂತ ಬಾಯಿಬಿಟ್ಟು ಹೇಳಾಕ ಏನಾಗಿತ್ತು ಅವತ್ತು?”

“ನೀ ಎಲ್ಲಾ ಲೆಕ್ಕಾ ಹಾಕ್ಕೊಂಡು ಬಂದಿದ್ದಿ. ರೈಲಿನ ಪಾಸ್ ಎಷ್ಟು ಅಂತ ಸುದ್ದಾ ಕೇಳ್ಕೊಂಡು ಬಂದಿದ್ದಿ. ನನ್ನ ಕೂಡ ಇದ್ದಿದ್ದು ಸಾಕಾಗೈತಿ ಆಕಿಗೆ ಅಂದ್ಕೊಂಡೆ. ಲೋನ್ ನಿನ್ನ ಹೆಸರಿಲೇ ಐತಿ, ಕಟ್ಟಾಕಿ ನೀನು. ಬ್ಯಾಡ ಅನ್ನಾಕ ನಾ ಯಾರು?”

“ಗಂಡ” ಅಂದೆ. “ನೀವು ಬ್ಯಾಡ ಅಂತೀರಿ ಅಂತನ ಆ ಮಾತು ಹೇಳಿದ್ದೆ ನೋಡ್ರಿ ನಾನು.”

ಅವನು ತಲೆ ಎತ್ತಿ ನನ್ನನ್ನು ನೋಡಿದ. ಎಷ್ಟು ದಿನವಾಗಿತ್ತೋ ಹಾಗೆ ನೋಡಿ. ಬಿಲ್ಲು ನೋಡುವ ನೆಪವಿಲ್ಲದೆ, ನೇರ ನೋಡಿದ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಗಡ್ಡದಲ್ಲಿ ಒಂದೆರಡು ಬಿಳಿ ಬಂದಿತ್ತು. ಇದನ್ನೆಲ್ಲ ನಾನು ಯಾವಾಗ ನೋಡುವುದು ಬಿಟ್ಟೆ?

“ನೀ ಊರಾಗಿಲ್ಲ ಅಂದ್ರ ನಾ ಸಂತಿ ಮುಗಿಸಿ ಯಾವ ಕಡೆ ತಿರುಗಲಿ, ಲಚ್ಚಿ?” ಅಂದ.

ಮದುವೆಯಾದ ಹೊಸತರಲ್ಲಿ ಕರೆಯುತ್ತಿದ್ದ ಹೆಸರು ಅದು. ಎದೆಯೊಳಗೆ ಸಣ್ಣಗೆ ನೋವಾಯಿತು. ಮರಗಟ್ಟಿದ ಕಾಲಿಗೆ ರಕ್ತ ಹರಿಯುವಾಗ ಆಗುವಂಥ ನೋವು. ಅವನ ಪಕ್ಕ ಮೆಟ್ಟಿಲ ಮೇಲೆ ಕೂತೆ. ಜಾಗ ಸಾಲದೆ ಭುಜಕ್ಕೆ ಭುಜ ತಗುಲಿತು. ಅವನು ಸರಿಯಲಿಲ್ಲ, ನಾನೂ ಸರಿಯಲಿಲ್ಲ.

“ಹನ್ನೆರಡು ಹ್ಯಾಂಗ ಹಿಡೀತಾರ, ತೋರಿಸ್ರಿ.”

“ಈಗ್ಯಾಕ?”

“ತೋರಿಸ್ರಿ ಅಂದ್ರ.”

ಟವಲು ಇರಲಿಲ್ಲ. ನನ್ನ ಸೆರಗಿನ ತುದಿಯನ್ನೇ ಕೈಗಳ ಮೇಲೆ ಎಳೆದುಕೊಂಡೆ. ಅವನು ಹಿಂದಿನ ಮನೆಯ ಮಾಳಿಗೆಯ ಕಡೆ ಒಮ್ಮೆ ನೋಡಿ, ನನ್ನ ಇಡೀ ಕೈಯನ್ನು ಹಿಡಿದ. “ಐದು.” ಬಿಟ್ಟು ಮತ್ತೆ ಹಿಡಿದ. “ಇನ್ನೈದು.” ಆಮೇಲೆ ನನ್ನ ಎರಡು ಬೆರಳನ್ನು ಮೆಲ್ಲಗೆ ಒತ್ತಿದ. ದಿನಾ ಹಗ್ಗ, ಉಣ್ಣೆ ಹಿಡಿದು ಒರಟಾದ ಕೈ.

“ದಿನಾ ಎಷ್ಟು ಮಂದಿ ಕೈ ಹಿಡೀತೀರಿ. ನನ್ನ ಕೈ ಹಿಡಿದು ಎಷ್ಟು ದಿನಾ ಆಯ್ತು?”

“ನಿನ್ನ ಕೈಯಾಗ ಯಾವಾಗಲೂ ಫೋನು, ಇಲ್ಲ ಕ್ಯಾಲ್ಕುಲೇಟರ್ ಇರತೈತಿ” ಅಂದ. ತುಟಿಯ ಅಂಚಿನಲ್ಲಿ ಹಳೆಯ ತುಂಟತನ ಇಣುಕಿತು.

“ಈಗ ಇಲ್ಲಲ್ಲ.”

“ಈಗ ಹಿಡಿದೀನಲ್ಲ.”

ಸೆರಗಿನ ಕೆಳಗೆ ಈ ಸಲ ನಾನು ಅವನ ಕೈ ಹಿಡಿದೆ. ಇಡೀ ಕೈ ಒಮ್ಮೆ, ಆಮೇಲೆ ನಾಲ್ಕು ಬೆರಳು. “ಇದು ಒಂಬತ್ತು, ಇ.ಎಂ.ಐ.ಗೆ ಹೋಯ್ತು.” ಮತ್ತೆ ಅವನ ಮೂರು ಬೆರಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. “ಹನ್ನೆರಡರಾಗ ಇದು ಉಳಿತು. ಮೂರಕ್ಕ ಒಂದು ರೂಮು ಬರಂಗಿಲ್ಲೇನ್ರಿ, ಇಬ್ಬರಿಗೂ?”

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಮುಖವೆಲ್ಲ ಬದಲಾಯಿತು. “ಬರ್ತೈತಿ” ಅಂದ. “ಸಂತ್ಯಾಗ ಹಗ್ಗ ಮಾರೋ ಹುಸೇನಮ್ಮನ ಮಾಳಿಗಿ ಮ್ಯಾಲ ಒಂದು ರೂಮು ಐತಿ. ಆದ್ರ ಶೀಟಿನ ಮನಿ. ಬ್ಯಾಸಿಗಿಗೆ ಕಾದ ಹಂಚು.”

“ಕಾಯಲಿ.”

“ಲೋನ್ ನೀ ಅಂದ್ಕೊಂಡಷ್ಟು ಲಗೂನ ತೀರಂಗಿಲ್ಲ ಮತ್ತ.”

“ತೀರೋವಾಗ ತೀರತೈತಿ. ಕೈ ಅಲುಗಿಸ್ತೀರೋ ಇಲ್ಲೋ?”

ಅವನು ಕೈ ಅಲುಗಿಸಿದ. ಆಮೇಲೂ ಬಿಡಲಿಲ್ಲ. ಹಿಂದಿನ ಮಾಳಿಗೆಯ ಮೇಲೆ ಯಾರೋ ಸಂಡಿಗೆ ಒಣಗಿಸಲು ಬಂದು ಕೆಮ್ಮಿದರು. ನಾನು ಕೈ ಎಳೆದುಕೊಳ್ಳಲು ನೋಡಿದೆ. “ಯಾಪಾರ ನಡದೈತಿ, ಸುಮ್ನಿರು” ಅಂದ.

ಸೋಮವಾರ ಬೆಳಿಗ್ಗೆ ಅತ್ತ ಮಾರೆಪ್ಪನ ಅಳಿಯನ ಲಾರಿ ಬಂತು, ಇತ್ತ ನಮ್ಮ ಸಾಮಾನು ಒಂದು ಟಾಟಾ ಏಸ್‌ನಲ್ಲಿ ಹೊರಟಿತು. ಹುಸೇನಮ್ಮ ತನ್ನ ಮನೆ ಬಾಗಿಲಲ್ಲೇ ನಿಂತು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

“ಸ್ವಂತ ಮನಿ ಮಂದಿಗೆ ಕೊಟ್ಟು ಶೀಟಿನ ಕೆಳಗ ಬಂದೀರಲ್ಲ ಬೇಟಾ, ದಿವಾನಾ ಆಗೀರೇನು, ಹುಚ್ಚು ಹಿಡಿದೈತೇನು?”

“ಅಲ್ಲಿ ಇಬ್ರೂ ಇರಾಕ ಆಗಲಿಲ್ಲಮ್ಮ” ಅಂದ ಆಂಜಿ. “ಇಲ್ಲಿ ಆಗತೈತಿ.”

ಮುದುಕಿ ಏನೂ ಅರ್ಥವಾಗದೆ ಬೀಗದ ಕೈ ಕೊಟ್ಟಳು.

ರೂಮು ಅಂದರೆ ನಿಜಕ್ಕೂ ಒಂದೇ ರೂಮು. ಮಂಚ ಹಾಕಿದ ಮೇಲೆ ಒಬ್ಬರು ನಡೆಯಬೇಕಾದರೆ ಇನ್ನೊಬ್ಬರು ಕೂರಬೇಕು. ಒಲೆ ಹೂಡಿ ಹಾಲು ಉಕ್ಕಿಸಿದೆ. ಆಂಜಿ ಕಿಟಕಿಗೆ ನನ್ನ ಹಳೆಯ ಸೀರೆಯೊಂದನ್ನು ಕಟ್ಟುತ್ತಿದ್ದ. ಗಂಟು ಹಾಕುತ್ತಾ ಎರಡು ಸಲ ತಿರುಗಿ ನನ್ನನ್ನು ನೋಡಿದ. ಮೂರನೆಯ ಸಲ ನಾನೂ ನೋಡಿದೆ. ಸುಮ್ಮನೆ ನಕ್ಕ. ನನಗೆ ಅಳು ಬಂತು. ಅವನ ಬೆನ್ನಿಗೆ ಹಣೆ ಹಚ್ಚಿ ಅತ್ತೆ, ತಡೆಯಲು ನೋಡಲಿಲ್ಲ.

“ಅಂಗಡಿಗೆ ಹೊತ್ತಾಗಲಿಲ್ಲೇನು?” ಅಂತ ಮೆಲ್ಲಗೆ ಕೇಳಿದ.

“ನಿಮಗ?”

“ನಾ ಇವತ್ತ ಎಲ್ಲೂ ಹೋಗಂಗಿಲ್ಲ.”

ನಾನು ಕಣ್ಣೊರೆಸಿಕೊಂಡು ಅಂಗಡಿಗೆ ಫೋನ್ ಮಾಡಿದೆ. ಲೋನ್ ತೆಗೆದ ಮೇಲೆ ಜ್ವರ ಬಂದಾಗಲೂ ನಾನು ರಜೆ ಹಾಕಿದವಳಲ್ಲ. ಮ್ಯಾನೇಜರ್, “ಒಂದು ದಿನದ ಸಂಬಳ ಕಟ್ ಆಗತೈತಿ ನೋಡಮ್ಮ” ಅಂದರು.

“ಆಗಲಿ ಸಾರ್” ಅಂದು ಬಾಗಿಲು ಹಾಕಿದೆ.