ಟವೆಲ್ ಕೆಳಗೆ ಪ್ಲಿಮತ್ ವ್ಯಾಪಾರ

ಕಾರು ಕೊಳ್ಳಲು ಬಂದವರು ಯಾರೆಂದು ನೋಡಿದ ಕೂಡಲೇ ನನ್ನ ಕೈಯಲ್ಲಿದ್ದ ಕಾಫಿ ಲೋಟ ತುಳುಕಿಬಿಟ್ಟಿತು.

ಕೃಷ್ಣಕುಮಾರ್! ಹುಣಸೂರಿನಲ್ಲಿ ಗ್ಯಾರೇಜ್ ಇಟ್ಟುಕೊಂಡು, ಮೂರು ವರ್ಷದಿಂದ ನಮ್ಮ ಪ್ಲಿಮತ್ ಕಾರು ನೋಡಿಕೊಳ್ಳುತ್ತಿದ್ದ ಅದೇ ಮನುಷ್ಯ. ಸದಾ ಮೊಣಕೈವರೆಗೂ ಗ್ರೀಸ್ ಮೆತ್ತಿಕೊಂಡಿರುತ್ತಿದ್ದವರು, ಇವತ್ತು ಬಿಳೀ ಷರ್ಟು ತೊಟ್ಟು ನಮ್ಮ ಹಾರನಹಳ್ಳಿ ಮನೆಯ ಅಂಗಳದಲ್ಲಿ ನಿಂತಿದ್ದರು.

ಅರವತ್ತೈದು ವರ್ಷ ದಾಟಿದ ಅಮೆರಿಕದ ಕಾರು ಅದು. ತಾತ ಕೊಡಗಿನ ಎಸ್ಟೇಟ್ ಸಾಹುಕಾರರೊಬ್ಬರಿಂದ ಕೊಂಡದ್ದು. ಸುತ್ತಲಿನ ಊರುಗಳ ಮದುಮಕ್ಕಳೆಲ್ಲ ಅದರಲ್ಲಿ ಕೂತೇ ಮೆರವಣಿಗೆ ಹೋದವರು. ಈಗ ಅಪ್ಪನಿಗೆ ಮಂಡಿನೋವು, ಕ್ಲಚ್ ಒತ್ತಲಾಗುವುದಿಲ್ಲ. ಜೊತೆಗೆ ಕೃಷ್ಣಕುಮಾರ್ ಬಂದಾಗಲೆಲ್ಲ ಒಂದೇ ರಾಗ: "ಇಂಜಿನ್ ಮುಗೀತು ಸಾರ್, ಇದನ್ನ ಯಾರೂ ತಗೊಳಲ್ಲ."

ಆ ಮಾತು ನನ್ನ ಕಿವಿಗೇ ಬೀಳುತ್ತಿರಲಿಲ್ಲ. ಬಾನೆಟ್ ಸಂದಿಯಿಂದ ನನ್ನ ಕಡೆ ಕದ್ದು ನೋಡುವ ಕಣ್ಣುಗಳನ್ನೇ ಕಾಯುತ್ತಾ ನಿಂತಿರುತ್ತಿದ್ದೆ. ಮೂರು ವರ್ಷ! ಪುಣ್ಯಾತ್ಮ ಬಾಯಿ ಬಿಡಲಿಲ್ಲ.

ನಿನ್ನೆ, ಮಾರುವ ಮುಂಚೆ ಒಮ್ಮೆ ನೋಡಿಸೋಣವೆಂದು ನಾನು ಕರೆಸಿದ್ದ ಮೈಸೂರಿನ ಮೆಕ್ಯಾನಿಕ್ ಹೇಳಿದ್ದ: "ಇಂಜಿನ್ ಕಲ್ಲುಗುಂಡಿನ ಹಾಗಿದೆ ಮೇಡಂ." ಅಂದರೆ? ಬೆಲೆ ಇಳಿಸಿ ತಾನೇ ಹೊಡೆದುಕೊಳ್ಳಲು ಇಷ್ಟು ದಿನ ನಾಟಕ! ನನಗೆ ಮೈಯೆಲ್ಲ ಉರಿದುಹೋಯಿತು.

ವ್ಯಾಪಾರಕ್ಕೆ ಅಪ್ಪ ಕರೆಸಿದ್ದು ದನದ ದಲ್ಲಾಳಿ ಮುದ್ದಯ್ಯನನ್ನು. ಎತ್ತಾಗಲಿ ಟ್ರ್ಯಾಕ್ಟರಾಗಲಿ, ಅಪ್ಪನಿಗೆ ಅವನೇ ಬೇಕು. ದನದ ಸಂತೆಯಲ್ಲಿ ಮಾಡುವ ಹಾಗೆ ಟವೆಲ್ ಕೆಳಗೆ ಕೈ ಹಿಡಿದು, ಬೆರಳಲ್ಲೇ ಬೆಲೆ ಹೇಳಬೇಕು. ಬೆರಳಿಗೊಂದು ಲಕ್ಷ. ಒಪ್ಪದವರು ಕೈ ಕಿತ್ತುಕೊಂಡರೆ ವ್ಯಾಪಾರ ಮುರಿದ ಹಾಗೆ.

"ಗಾಡಿ ಇರೋದು ಮಗಳ ಎಸ್ರಲ್ಲಿ. ಅವ್ಳೇ ಯಾಪಾರ ಮಾಡ್ಲಿ ಬುಡು," ಎಂದರು ಅಪ್ಪ.

"ಅಯ್ಯೋ ಸಿವನೇ! ಎಣ್ಮಕ್ಳು ಟವೆಲ್ ಕೆಳಗೆ ಕೈಯಿಕ್ಕಿದ್ದ ನಾ ಕಂಡೇ ಇಲ್ಲ ಕಣಣ್ಣ!" ಮುದ್ದಯ್ಯ ಬೆಚ್ಚಿಬಿದ್ದ.

"ಈಗ ನೋಡ್ಕೊಳಿ," ಎಂದು ಕೈ ಚಾಚಿದೆ.

ಟವೆಲ್ ಬಿತ್ತು. ಒಳಗೆ ಕೃಷ್ಣಕುಮಾರ್ ಅವರ ಬೆಚ್ಚಗಿನ ಒರಟು ಕೈ. ಅಷ್ಟು ಸಿಟ್ಟಲ್ಲೂ ಒಂದು ಗಳಿಗೆ ಸುಮ್ಮನೆ ಹಿಡಿದೇ ಇದ್ದೆ. ಆಮೇಲೆ ಐದೂ ಬೆರಳನ್ನು ಒಟ್ಟಿಗೆ ಹಿಚುಕಿದೆ. ಐದು ಲಕ್ಷ.

ಅಪ್ಪ ಆಚೆ ತಿರುಗಿ ಕಾರಿನ ಗಾಜು ಒರೆಸುತ್ತಿದ್ದರು. ನಾನು ಹಲ್ಲು ಕಚ್ಚಿ ಪಿಸುಗುಟ್ಟಿದೆ: "ನಾಚ್ಕೆ ಆಗಲ್ವೇನ್ರೀ? ಚೆನ್ನಾಗಿರೋ ಇಂಜಿನ್ ಹಾಳಾಗಿದೆ ಅಂತ ಸುಳ್ಳು ಹೇಳಿ, ಈಗ ಅಗ್ಗಕ್ಕೆ ಹೊಡ್ಕೊಂಡು ಹೋಗೋಕೆ ಬಂದ್ರಾ?"

ಅವರೂ ದನಿ ತಗ್ಗಿಸಿದರು.

"ಸುಳ್ಳು ಹೇಳಿದ್ದು ನಿಜ ಕಣ್ರೀ. ಯಾರೂ ಕೊಳ್ಳದೇ ಇರ್ಲಿ ಅಂತ. ಗಾಡಿ ಹೋದ್ರೆ ನಾನ್ಯಾವ ನೆಪ ಹೇಳ್ಕೊಂಡು ಈ ಮನೆಗೆ ಬರ್ಲಿ, ಪವಿತ್ರಾ? ಈಗ ನಿಮ್ಮಪ್ಪ ಗುಜರಿಗಾದ್ರೂ ಹಾಕ್ತೀನಿ ಅಂದ್ರಲ್ಲ, ಅದಕ್ಕಿಂತ ನಾನೇ ಇಟ್ಕೊಳೋಣ ಅಂತ ಸಾಲಿಗ್ರಾಮದ ನನ್ ಸೈಟ್ ಮಾರೋಕೆ ಅಡ್ವಾನ್ಸ್ ಇಸ್ಕೊಂಡ್ ಬಂದ್ಬುಟ್ಟೆ."

ಅವರು ಮನೆ ಕಟ್ಟಿಸಬೇಕೆಂದು ಕೊಂಡಿದ್ದ ಸೈಟು!

"ಹುಚ್ಚೇನ್ರೀ ನಿಮ್ಗೆ? ಬಾಯ್ಬಿಟ್ಟು ಒಂದ್ ಮಾತು ಕೇಳೋಕಾಗ್ತಿರ್ಲಿಲ್ವಾ?"

"ನೀವು ಇಲ್ಲ ಅಂದ್ಬುಟ್ಟಿದ್ರೆ?"

ಅವರ ಬೆರಳುಗಳು ಮೆಲ್ಲಗೆ ನನ್ನ ಬೆರಳ ಸಂದಿಯಲ್ಲಿ ಸೇರಿಕೊಂಡವು. ನಾನು ಕೈ ಕಿತ್ತುಕೊಳ್ಳಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದೆ.

"ಏನವ್ವ, ಕುದುರ್ತಾ?" ಕಾದು ಸಾಕಾದ ಮುದ್ದಯ್ಯ ಟವೆಲ್ ಎಳೆದೇಬಿಟ್ಟ.

ಅಪ್ಪ ನಿಧಾನಕ್ಕೆ ಇತ್ತ ತಿರುಗಿ, ಹೆಣೆದುಕೊಂಡಿದ್ದ ನಮ್ಮ ಕೈಗಳನ್ನೇ ನೋಡಿದರು.

"ಮುದ್ದಯ್ಯ, ಇದೆಷ್ಟ್‌ಲಾ ಲೆಕ್ಕ?"

"ನಲವತ್ ವರ್ಸದಲ್ಲಿ ಇಂಥ ಲೆಕ್ಕ ನಾ ಇಡಿದಿಲ್ಲ ಕಣಣ್ಣ!"

ಕೃಷ್ಣಕುಮಾರ್ ಕೈ ಬಿಡಿಸಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ.

"ಗಾಡಿ ಮಾರಲ್ಲ ಅಪ್ಪ," ಎಂದೆ. "ಇವ್ರನ್ನ ಮದ್ವೆ ಆಗ್ತೀನಿ."

ಅಪ್ಪ ಕೃಷ್ಣಕುಮಾರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಗಾಜ್ ಒರೆಸ್ತಾ ಎಲ್ಲ ಕೇಳಿಸ್ಕಂಡೆ. ಮೊದ್ಲು ಓಗಿ ಆ ಅಡ್ವಾನ್ಸ್ ವಾಪಸ್ ಕೊಟ್ಟು ಬಾರಯ್ಯ. ಸೈಟ್ ಮಾರ್ಕೊಂಡು ನನ್ ಮಗಳ್ನ ಎಲ್ಲಿ ಮಡಗ್ತೀಯ, ಕಾರೊಳಗಾ?"