ಜಾರಿದ ಚಾಕು, ಒರೆಯವಳ ಸಿಟ್ಟು

"ಈ ಒರೆಗೆ ಚಾಕು ಮಾಡಿದ ಮಹಾನುಭಾವರು ಯಾರು?"

ಕುಲುಮೆಯ ಬಾಗಿಲಿಂದ ಬಂದ ಪ್ರಶ್ನೆಗೆ, ಎತ್ತಿದ ಸುತ್ತಿಗೆ ಎತ್ತಿದ ಹಾಗೇ ನಿಂತಿತು.

ಕಮ್ಮಾರ ತಿರುಗಿ ನೋಡಿದ. ಬಾಗಿಲಲ್ಲಿ ಒಬ್ಬಳು ಹೆಣ್ಣುಮಗಳು. ಬೆರಳ ತುದಿಗಳು ಬಣ್ಣ ಹತ್ತಿ ಕಂದಾಗಿದ್ದವು. ಕೈಯಲ್ಲೊಂದು ತೊಗಲಿನ ಒರೆ, ಖಾಲಿ. ಕಣ್ಣಲ್ಲಿ ಮಾತ್ರ ಅವನ ಕುಲುಮೆಗಿಂತ ಹೆಚ್ಚು ಕೆಂಡ.

"ನಾನೇ," ಎಂದ. ಸುತ್ತಿಗೆ ಕೆಳಗಿಟ್ಟು ಒರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಹೊಲಿಗೆಯ ಮೇಲೆ ಬೆರಳಾಡಿಸಿದ. "ಇದನ್ನ... ನೀವು ಮಾಡಿದ್ದಾ? ಕೈಯಲ್ಲಿ?"

"ಇನ್ನೇನು ಕಾಲಲ್ಲಿ ಮಾಡ್ತಾರಾ?"

ಅವನು ಅವಳ ಮುಖವನ್ನೇ ನೋಡುತ್ತ ನಿಂತುಬಿಟ್ಟ. ಆ ನೋಟ ಅವಳ ಎದೆಯಲ್ಲಿ ಏನನ್ನೋ ಅಲುಗಾಡಿಸಿತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಮಾಡೋದೆಲ್ಲ ಮಾಡಿ, ಹೇಗೆ ನೋಡ್ತಾನೆ ನೋಡು...

ಆ ಊರಿನ ದೊಡ್ಡ ಅಂಗಡಿಗೆ ಚಾಕು ಬಡಿದುಕೊಡುವವನು ಅವನು, ಒರೆ ಹೊಲಿದುಕೊಡುವವಳು ಇವಳು. ಆದರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಕುಲುಮೆಯಿಂದ ಅಂಗಡಿಗೆ, ಅಂಗಡಿಯಿಂದ ಇವಳ ಕೋಣೆಗೆ ಚಾಕು ಬರುತ್ತಿತ್ತು. ತೊಗಲನ್ನು ನೀರಲ್ಲಿ ನೆನೆಸಿ, ಚಾಕುವಿನ ಮೈಗೆ ಬೆರಳಿಂದ ಒತ್ತಿ ಒತ್ತಿ ಕೂರಿಸಿ, ಒಣಗಿಸಿ, ಮೇಣದ ದಾರದಲ್ಲಿ ಹೊಲಿದು ಇವಳು ಹಿಂದಕ್ಕೆ ಕೊಡುತ್ತಿದ್ದಳು. ಅಲಗು ಹೊಲಿಗೆಯನ್ನು ಕಡಿಯದಂತೆ ಅಂಚಿನಲ್ಲಿ ಇನ್ನೊಂದು ಪಟ್ಟಿ ಸೇರಿಸುತ್ತಿದ್ದಳು. ಕೊನೆಯ ಸಾಣೆಗೆಂದು ಅದು ಮತ್ತೆ ಕುಲುಮೆಗೆ ಹೋಗಿ, ಅಲ್ಲಿಂದ ಮಾರಾಟಕ್ಕೆ ಬರುತ್ತಿತ್ತು. ಅಲಗಿನ ಮೇಲೆ ಅವನ ಗುರುತು ಇರುತ್ತಿತ್ತು. ಒರೆಯ ಮೇಲೆ ಯಾರದೂ ಇರುತ್ತಿರಲಿಲ್ಲ.

ಹೊಗಳಿಕೆಗೆ ಇವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಬೈಗುಳಕ್ಕೆ ಮಾತ್ರ ವಿಳಾಸ ಸರಿಯಾಗಿ ಸಿಕ್ಕಿತ್ತು.

"ತೋಟದ ಕೆಲಸದ ಅಕ್ಕ ಸೊಂಟಕ್ಕೆ ಕಟ್ಟಿಕೊಂಡಿದ್ದ ಚಾಕು, ಗಿಡದ ಬುಡಕ್ಕೆ ಬಗ್ಗಿದಾಗ ಒರೆಯಿಂದ ಜಾರಿ ತೊಡೆಗೆ ಇಳಿದಿದೆ," ಎಂದಳು. "ಹೊಲಿಗೆ ಹಾಕಿದ್ದಾರೆ. ಈ ಒರೆ ನನ್ನ ಮುಖಕ್ಕೆ ಎಸೆದು, ಸಡಿಲ ಅಂತ ಅಂಗಡಿ ಯಜಮಾನ ಊರೆಲ್ಲ ಡಂಗುರ ಸಾರಿದ. ನನ್ನ ಕೆಲಸ ಹೋಯ್ತು. ಇನ್ನು ಯಾವ ಅಂಗಡಿಯವನು ನನ್ನ ಕೈಗೆ ತೊಗಲು ಕೊಡ್ತಾನೆ? ನಾನು ಒರೆ ತಲೆಕೆಳಗು ಮಾಡಿ ಕುಲುಕಿ ನೋಡದೆ ಇವತ್ತಿನವರೆಗೆ ಒಂದನ್ನೂ ಕಳಿಸಿಲ್ಲ. ಆಮೇಲೆ ಆ ಚಾಕುಗೆ ಏನು ಮಾಡಿದ್ರಿ?"

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಒರೆಯನ್ನು ಅವಳ ಕೈಗೆ ಮರಳಿಸಿ, ಸೊಂಟಕ್ಕೆ ಕಟ್ಟಿದ್ದ ಕೆಲಸದ ಬಟ್ಟೆ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಹಿತ್ತಲ ಬಾಗಿಲಿಂದ ಹೊರಟೇಹೋದ.

ಅವಳು ಉರಿಯುವ ಕುಲುಮೆಯ ಎದುರು ಒಬ್ಬಳೇ ನಿಂತಿದ್ದಳು.

ಓಡಿಹೋದ... ಹೇಡಿ.

ಮನೆಯಲ್ಲಿ ಚಿಕ್ಕಮ್ಮ ದಾರಕ್ಕೆ ಮೇಣ ಉಜ್ಜುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಹೋದ ಕೆಲಸ ಹಣ್ಣಾ, ಕಾಯಾ?"

"ಕೊಳೆತುಹೋಯ್ತು. ಬಾಯಲ್ಲಿ ನಾಲಿಗೆ ಇಲ್ಲದ ಗಂಡಸು."

"ನೋಡೋಕೆ ಹೇಗಿದ್ದಾನೆ?"

"ಚಿಕ್ಕಮ್ಮಾ..."

"ಅಲ್ಲ ಕಣೇ, ಬೈಯೋಕಾದ್ರೂ ಗುರುತು ಬೇಕಲ್ಲ." ಚಿಕ್ಕಮ್ಮ ದಾರ ಕೆಳಗಿಟ್ಟಳು. ದನಿಯ ತಮಾಷೆ ಹೋಗಿತ್ತು. "ನಾನೂ ಆ ಅಂಗಡಿಗೆ ಹಿಂಬಾಗಿಲಿಂದಲೇ ಹೋಗಿ ಬಂದವಳು. ತೊಗಲು ವಾಸನೆ ಅಂತ ಮುಂದಿನ ಬಾಗಿಲು ತೋರಿಸಲೇ ಇಲ್ಲ. ಮಾಡಿದ ಒರೆ ಮಾತ್ರ ಗಾಜಿನ ಪೆಟ್ಟಿಗೆಯಲ್ಲಿ. ಸುಮ್ಮನಿದ್ದೆ. ಸುಮ್ಮನಿದ್ದು ಏನು ಗಂಟು ಕಟ್ಟಿಕೊಂಡೆ?"

ಅವಳು ಮತ್ತೆ ಚಪ್ಪಲಿ ಮೆಟ್ಟಿದಳು. ಈ ಸಲ ಅಂಗಡಿಯ ಮುಂಬಾಗಿಲಿಗೇ.

ಅಂಗಡಿಯ ಗಾಜಿನಾಚೆ ಕಂಡ ದೃಶ್ಯಕ್ಕೆ ಅವಳ ಹೆಜ್ಜೆ ತಡೆಯಿತು. ಕಮ್ಮಾರ ಅಲ್ಲೇ ನಿಂತಿದ್ದಾನೆ. ಯಜಮಾನ ನಗುನಗುತ್ತ ಅವನ ಹೆಗಲು ತಟ್ಟುತ್ತಿದ್ದಾನೆ.

ಓ... ಇಬ್ಬರೂ ಒಂದೇ ಬಳ್ಳಿಯ ಕಾಯಿ. ಕೂಡಿಯೇ ನನ್ನ ಕುತ್ತಿಗೆ ಕೊಯ್ದಿದ್ದಾರೆ.

ಕಣ್ಣಿಗೆ ಬಂದ ನೀರನ್ನು ತೋಳಿನಿಂದ ಒರೆಸಿಕೊಂಡು, ಬಾಗಿಲು ನೂಕಿ ಒಳಹೊಕ್ಕಳು. ಗಿರಾಕಿಗಳು ತಿರುಗಿದರು. ಮೂಲೆಯ ಕುರ್ಚಿಯಲ್ಲಿ ತೋಟದ ಅಕ್ಕ, ಪಟ್ಟಿ ಸುತ್ತಿದ ಕಾಲು ಚಾಚಿಕೊಂಡು, ಚಾಕು ಹಿಂದಿರುಗಿಸಲು ಬಂದು ಕೂತಿದ್ದಳು.

"ಏಯ್, ಇಲ್ಲಿಂದ ಯಾಕೆ ಬಂದೆ? ಹಿಂದಿನ ಬಾಗಿಲಿಲ್ವಾ?" ಯಜಮಾನ ಮೂಗು ಸಿಂಡರಿಸಿದ.

"ಬೈಯೋದು ಎಲ್ಲರ ಮುಂದೆ, ನಾನು ಬರೋದು ಮಾತ್ರ ಹಿಂದಿನಿಂದಲಾ? ಚಾಕು ಕೊಡಿ. ಇಲ್ಲೇ ತೀರ್ಮಾನ ಆಗಲಿ."

"ಯಜಮಾನರೇ, ನೀವು ಹೇಳ್ತೀರೋ, ನಾನು ಹೇಳಲೋ?" ಕಮ್ಮಾರ ಕೇಳಿದ.

"ಲೋ, ಈಗ ತಾನೇ ಹೇಳಿದ್ನಲ್ಲ. ಅವಳ ತಲೆಗೆ ಕಟ್ಟಿ ಆಗಿದೆ. ನಿನ್ನ ಹೆಸರು ಯಾಕೆ ಕೆಡಿಸ್ಕೋತೀಯ?"

ಕಮ್ಮಾರ ಗಿರಾಕಿಗಳ ಕಡೆ ತಿರುಗಿದ. "ಒರೆ ಸರಿಯಾಗಿಯೇ ಇತ್ತು. ತಪ್ಪು ನನ್ನದು. ಒರೆ ಆದಮೇಲೆ ಅಲಗಿನ ಬಾಯಿ ಮಾತ್ರ ಸಾಣೆ ಹಿಡೀಬೇಕು, ಹಿಡಿ ಮುಟ್ಟಬಾರದು. ನಾನು ಮುಟ್ಟಿದೆ. ಸ್ಯಾಂಡ್ ಪೇಪರ್ ಹಾಕಿ ಹಿಡಿಯ ಬುಡ ಸವೆಸಿದೆ. ಒರೆ ಕಚ್ಚಿ ಹಿಡಿಯೋದೇ ಅಲ್ಲಿ. ಅದಕ್ಕೇ ಚಾಕು ಜಾರಿದ್ದು." ತೋಟದ ಅಕ್ಕನ ಮುಂದೆ ಹೋಗಿ ಕೈ ಮುಗಿದ. "ಅಕ್ಕಾ, ನಿಮ್ಮ ಕಾಲು ಕೊಯ್ದವನು ನಾನು."

"ಕೈ ಮುಗಿದ್ರೆ ಕಾಲು ಕೂಡುತ್ತೇನಪ್ಪ?" ಎಂದಳು ಅಕ್ಕ. "ಮೊದಲು ಆ ಹುಡುಗಿಗೆ ಹೇಳು. ನಾನೂ ಅವಳಿಗೆ ಶಾಪ ಹಾಕಿಬಿಟ್ಟೆನಲ್ಲ."

"ಯಾಕೆ ಸವೆಸಿದ್ರಿ?" ಒರೆಯವಳು ಕೇಳಿದಳು.

ಅವನು ನೆಲ ನೋಡಿದ. ಆಮೇಲೆ ಅವಳನ್ನೇ ನೋಡಿದ.

"ನಿಮ್ಮ ಒರೆ ನೋಡಿದೆ. ಅಷ್ಟು ಚೆಂದದ ಒರೆಯಲ್ಲಿ ನನ್ನ ಹಿಡಿ ಒರಟಾಗಿ ಕಾಣ್ತು. ನಾಚಿಕೆ ಆಯ್ತು. ಅದಕ್ಕೆ ತಕ್ಕ ಹಾಗೆ ಆಗಲಿ ಅಂತ ಉಜ್ಜುತ್ತಾ ಕೂತೆ... ಅಳತೆ ತಪ್ಪುತ್ತೆ ಅನ್ನೋದು ಹೊಳೀಲೇ ಇಲ್ಲ. ಇದನ್ನ ಮಾಡೋರು ಯಾರು ಅಂತ ಯಜಮಾನರನ್ನ ಎಷ್ಟು ಸಲ ಕೇಳಿದೀನಿ ಗೊತ್ತಾ? ಮಷೀನಲ್ಲಿ ಆಗುತ್ತೆ ಅಂದ್ರು."

ಮಷೀನು!

ಹೊಲಿದು ಹೊಲಿದು ಮಂಜಾದ ಚಿಕ್ಕಮ್ಮನ ಕಣ್ಣು, ದಬ್ಬಳ ಚುಚ್ಚಿದ ತನ್ನ ಬೆರಳು, ಕೋಣೆಯ ತುಂಬ ಒಣಗುತ್ತಿದ್ದ ತೊಗಲು, ಎಲ್ಲವೂ ಒಮ್ಮೆಲೇ ಅವಳ ಕಣ್ಣ ಮುಂದೆ ಬಂದವು.

ಅವಳು ಯಜಮಾನನ ಎದುರು ನಿಂತಳು. "ಚೆನ್ನಾಗಿದ್ರೆ ಮಷೀನು. ಕೆಟ್ಟರೆ ನಾನು. ಅಲ್ವಾ ಯಜಮಾನರೇ?"

ಯಜಮಾನ ಬಾಯೊಳಗೇ ಏನೋ ಗೊಣಗಿದ. ಯಾರಿಗೂ ಕೇಳಿಸಲಿಲ್ಲ. ಗಿರಾಕಿಯೊಬ್ಬಳು ಕೈಯಲ್ಲಿದ್ದ ಚಾಕುವಿನ ಒರೆಯನ್ನು ತಿರುಗಿಸಿ ಕೇಳಿದಳು, "ಇದನ್ನೂ ನೀನೇ ಮಾಡಿದ್ದೇನಮ್ಮ?"

"ಹೌದು," ಎಂದಳು. ಆ ಅಂಗಡಿಯಲ್ಲಿ ಅವಳು ಅದನ್ನು ಹೇಳಿದ್ದು ಅದೇ ಮೊದಲು.

"ಇನ್ಮೇಲೆ ನನ್ನ ಚಾಕು ಇಲ್ಲಿಗೆ ಬರಲ್ಲ," ಕಮ್ಮಾರ ಯಜಮಾನನಿಗೆ ಹೇಳಿದ. "ಇವರ ಗುರುತಿಲ್ಲದ ಒರೆಯಲ್ಲಿ ಇಡಲ್ಲ."

ಹೊರಗೆ ಬಂದಾಗ ಅವನು ಅವಳ ಹಿಂದೆಯೇ ಬಂದ. ಅವಳು ಗಕ್ಕನೆ ನಿಂತಳು.

"ಕುಲುಮೆಯಲ್ಲಿ ನನ್ನ ಮುಂದೆ ಒಂದು ಮಾತು ಹೇಳೋಕೆ ಏನಾಗಿತ್ತು? ಓಡಿಹೋದ್ರಿ ಅಂದ್ಕೊಂಡೆ. ಎಷ್ಟು ಬೈದೆ ಗೊತ್ತಾ?"

"ನಿಮ್ಮ ಮರ್ಯಾದೆ ಹೋಗಿದ್ದು ಇಲ್ಲಿ, ಎಲ್ಲರ ಮುಂದೆ. ನಿಮ್ಮ ಕಿವಿಯಲ್ಲಿ ಹೇಳಿದ್ರೆ ಅದು ವಾಪಸ್ ಬರುತ್ತಾ?"

ಅವಳಲ್ಲಿ ಸಿಟ್ಟು ಇನ್ನೂ ಇತ್ತು. ಅದರ ಅಡಿಯಲ್ಲಿ ಇನ್ನೇನೋ, ನೆನೆದ ತೊಗಲಿನ ಹಾಗೆ, ಮೆತ್ತಗಾಗುತ್ತಿತ್ತು.

ಮಾರನೆಯ ದಿನ ತೋಟದ ಅಕ್ಕನಿಗೆಂದು ಹೊಸ ಚಾಕು ಹಿಡಿದು ಅವನು ಅವಳ ಕೋಣೆಗೆ ಬಂದ. ಚಿಕ್ಕಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಾಲಿಗೆ ಇದೆಯಲ್ಲೇ," ಎಂದು ಮೇಣ ತರುವ ನೆಪ ಮಾಡಿ ಹೊರಗೆ ಹೋದಳು.

ನೆನೆದ ತೊಗಲಿನೊಳಗೆ ಚಾಕು ಮಲಗಿತು. ಅವಳು ಹಿಡಿಯ ಬುಡದಲ್ಲಿ ಹೆಬ್ಬೆರಳು ಒತ್ತಿದಳು.

"ನೀವೂ ಒತ್ತಿ. ಇಲ್ಲಿ. ಎಲ್ಲಿ ಕಚ್ಚುತ್ತೆ ಅಂತ ಕೈಗೆ ಗೊತ್ತಾಗಲಿ."

ಅವನ ಸುಟ್ಟ ಬೆರಳು ಅವಳ ಬೆರಳಿನ ಪಕ್ಕ ಬಂದು ಕೂತಿತು. ಇಬ್ಬರೂ ಕೈ ತೆಗೆಯಲಿಲ್ಲ.

"ಮುಖ ನೋಡೋ ಮೊದಲೇ ನಾನು ನಿಮ್ಮ ಕೈಯನ್ನ ಪ್ರೀತಿಸಿಬಿಟ್ಟಿದ್ದೆ," ಅವನು ಮೆಲ್ಲಗೆ ಹೇಳಿದ. "ಮಷೀನು ಅಂದಾಗ, ಸುಳ್ಳು ಅಂತ ಮನಸ್ಸಿಗೆ ಗೊತ್ತಿತ್ತು. ಹುಡುಕಲಿಲ್ಲ. ಅದೂ ನನ್ನ ತಪ್ಪೇ. ಸಿಟ್ಟು ಹೋಯ್ತಾ?"

"ಇಲ್ಲ."

"ಯಾವಾಗ ಹೋಗುತ್ತೆ?"

ಅವಳು ತಲೆ ತಗ್ಗಿಸಿ ತೊಗಲು ಒತ್ತುತ್ತಲೇ ಇದ್ದಳು. ತುಟಿಯಂಚಿನ ನಗುವನ್ನು ಮಾತ್ರ ಮುಚ್ಚಿಡಲಾಗಲಿಲ್ಲ.

"ನನಗೇನು ಗೊತ್ತು? ದಿನಾ ಬಂದು ಕೇಳ್ತಾ ಇರಿ."